ಸ್ಕ್ವಯರ್ ಥೇಯರ್ ಬಿಟ್ಟುಬಿಟ್ಟ ಮಾತುಗಳು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮಾನ್ಯ ಡೀಕನ್ ಫಿಚ್ ಅವರೇ, ಇಂದಿನ ಸನ್ಮಾನಕ್ಕೆ ಪಾತ್ರರಾಗಿರುವ, ಸೋಮವಾರದಿಂದ ನಾವೆಲ್ಲ ‘ನ್ಯಾಯಾಧೀಶರೇ’ ಎಂದು ಕರೆಯಲು ರೂಢಿ ಮಾಡಿಕೊಳ್ಳಬೇಕಾಗಿರುವ ಸ್ಕ್ವಯರ್ ಎಲಿಫಲೆಟ್ ಥೇಯರ್ ಅವರೇ, ಅವರ ತಂಗಿ ಮಿಸ್ ಪೇಷನ್ಸ್ ಅವರೇ, ಬಲಗಡೆಯ ಬೆಂಚುಗಳಲ್ಲಿರುವ ಮಹನೀಯರೇ, ಎಡಗಡೆಯ ಬೆಂಚುಗಳಲ್ಲಿರುವ ಮಹಿಳೆಯರೇ, ಎಲ್ಡರ್‌ಬ್ರೂಕಿನ ಸಮಸ್ತ ಸಭಿಕರೇ,

ಒಬ್ಬ ವಕೀಲರನ್ನು ಬೀಳ್ಕೊಡುವ ಸಭೆಯಲ್ಲಿ ಮಾತನಾಡಬೇಕಾದವರು ಯಾರು? ಅವರಿಂದ ಗೆದ್ದವರು. ನಮ್ಮ ಸಮಿತಿಯವರೂ ಹಾಗೆಯೇ ಯೋಚಿಸಿ, ಸ್ಕ್ವಯರ್ ಅವರಿಂದ ಗೆದ್ದವರ ಮನೆಗಳಿಗೆಲ್ಲ ಹೋಗಿ ಬಂದರಂತೆ. ಗೆದ್ದವರು ಯಾರೂ ಒಪ್ಪಲಿಲ್ಲ. ತಾವು ಗೆದ್ದದ್ದು ತಮ್ಮ ಕಡೆ ನ್ಯಾಯವಿದ್ದುದರಿಂದ, ಇದರಲ್ಲಿ ವಕೀಲರದ್ದೇನು ಎಂದು ಕೇಳಿದರಂತೆ. ಹಾಗಾದರೆ ವಕೀಲನ ಹೆಸರನ್ನು ನೆನಪಿಟ್ಟುಕೊಳ್ಳುವವನು ಯಾರು? ಸೋತವನು. ಹೀಗೆ ಹುಡುಕುತ್ತ ಡೀಕನ್ ಫಿಚ್ ಕಳೆದ ವಾರ ನನ್ನ ಗಿರಣಿಗೆ ಬಂದರು. ಟೋಪಿಯ ಮೇಲೆ ಬಿದ್ದ ಹಿಟ್ಟನ್ನು ಒರೆಸಿಕೊಳ್ಳುತ್ತ ಹೇಳಿದರು:

“ಕಾಬ್, ಥೇಯರ್ ಬರೆದ ಕಾಗದಗಳನ್ನ ಈ ಊರಲ್ಲಿ ನಿನ್ನಷ್ಟು ಓದಿದೋನು ಯಾರೂ ಇಲ್ಲ ಕಣಯ್ಯ. ನೀನೇ ನಾಲ್ಕು ಮಾತಾಡು.”

“ಡೀಕನ್ನರೇ, ಅವೆಲ್ಲ ನನ್ನ ವಿರುದ್ಧ ಬರೆದ ಕಾಗದ ಅಲ್ವೇ?”

“ಅದಕ್ಕೇ ಹೇಳ್ತಿರೋದು. ಮನಸ್ಸಿಟ್ಟು ಓದಿರ್ತೀಯ.”

ಮನಸ್ಸಿಟ್ಟು ಓದಿದ್ದೇನೆ, ನಿಜ. ಆದ್ದರಿಂದ ಈ ವೇದಿಕೆಯ ಮೇಲೆ ನಾನು, ಜೆಡಿಡಾಯಾ ಕಾಬ್, ಗಿರಣಿಯವನು, ಕಾಗದ ಪಡೆದವರ ಪ್ರತಿನಿಧಿಯಾಗಿ ನಿಂತಿದ್ದೇನೆ. ಈ ಕೋಟು ನನ್ನದೇ. ಒಗೆದು ತಂದಿದ್ದೇನೆ. ಕೊರಳಪಟ್ಟಿಯ ಹತ್ತಿರ ಇನ್ನೂ ಸ್ವಲ್ಪ ಹಿಟ್ಟು ಕಾಣುತ್ತಿದ್ದರೆ ಅದು ಕೋಟಿನ ಬಣ್ಣವೆಂದೇ ತಿಳಿಯಬೇಕಾಗಿ ವಿನಂತಿ.

ನನ್ನ ವ್ಯಾಜ್ಯವೇನೆಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಆದರೆ ಸ್ಕ್ವಯರ್ ಅವರನ್ನು ಕರೆದೊಯ್ಯಲು ಹೊರಗಿನಿಂದ ಬಂದಿರುವ ಗಣ್ಯರು ಮುಂದಿನ ಸಾಲಿನಲ್ಲಿದ್ದಾರೆ. ಅವರಿಗಾಗಿ ಎರಡು ಮಾತು. ಹಳ್ಳಕ್ಕೆ ಅಡ್ಡಲಾಗಿ ನನ್ನ ಅಜ್ಜ ಕಟ್ಟಿದ ಒಂದು ಕಟ್ಟೆ ಇದೆ. ನೀರು ಸಾಲದಾದಾಗ ಕಟ್ಟೆಯ ತಲೆಯ ಮೇಲೆ ಹಲಗೆಗಳನ್ನು ನಿಲ್ಲಿಸುತ್ತೇನೆ. ಹಲಗೆ ನಿಂತರೆ ಚಕ್ರ ತಿರುಗುತ್ತದೆ. ಹಲಗೆ ನಿಂತರೆ ಕೊಳದ ನೀರು ಹಿಂದಕ್ಕೆ ಏರಿ, ಮೇಲಿನ ದಂಡೆಯಲ್ಲಿರುವ ಮಿಸೆಸ್ ಮೆಹಿಟಬಲ್ ಲೂಮಿಸ್ ಅವರ ತಗ್ಗಿನ ಹುಲ್ಲುಗಾವಲಿಗೂ ಹೋಗುತ್ತದೆ. ಊರಿಗೆ ಹಿಟ್ಟು ಬೇಕು, ಅವರ ಹಸುಗಳಿಗೆ ಹುಲ್ಲು ಬೇಕು. ಹುಲ್ಲು ಕೊಯ್ಯುವ ಕಾಲ ಬರುವ ಮುಂಚೆ ಗಿರಣಿಯವನು ಹಲಗೆ ಇಳಿಸಬೇಕು ಎಂಬುದು ನಮ್ಮಲ್ಲಿ ಅಜ್ಜಂದಿರ ಕಾಲದಿಂದ ನಡೆದುಬಂದ ರೂಢಿ. ಮುಂಚೆ ಎಂದರೆ ಎಷ್ಟು ಮುಂಚೆ? ಅಜ್ಜಂದಿರು ಅದನ್ನು ಹೇಳದೆ ಸತ್ತುಹೋದರು. ಆ ಒಂದು ಮರೆವಿನಿಂದ ಸ್ಕ್ವಯರ್ ಥೇಯರ್ ಅವರಿಗೆ ವರ್ಷವರ್ಷವೂ ಬರೆಯಲು ಒಂದು ಕಾಗದ ಸಿಕ್ಕಿತು, ನನಗೆ ಓದಲು ಸಿಕ್ಕಿತು.

ಈಗ ಆ ವ್ಯಾಜ್ಯ ಎಲ್ಲಿಗೆ ಬಂದು ನಿಂತಿದೆ ಎಂಬುದೂ ನಿಮಗೆ ಗೊತ್ತು. ಹುಲ್ಲುಗಾವಲನ್ನು ನನಗೇ ಮಾರಿ, ಕಾಲುವೆಯ ದೋಣಿ ಹಿಡಿದು, ದೂರದ ಜೆನಿಸೀ ಕಡೆಯಲ್ಲಿರುವ ಅಕ್ಕನ ಮನೆಗೆ ಹೊರಟುಹೋಗುವುದಾಗಿ ಮಿಸೆಸ್ ಲೂಮಿಸ್ ಸ್ಕ್ವಯರ್ ಅವರ ಮೂಲಕ ತಿಳಿಸಿದ್ದಾರೆ. ಸ್ಕ್ವಯರ್ ಊರು ಬಿಡುವುದರೊಳಗೆ ನಾನು ಉತ್ತರ ಕೊಡಬೇಕು. ಇನ್ನೂ ಕೊಟ್ಟಿಲ್ಲ. ಕಾಬ್ ಕೊಳ್ಳುತ್ತಾನೋ ಇಲ್ಲವೋ ಎಂದು ಸ್ಪೂನರ್ ಹೋಟೆಲಿನಲ್ಲಿ ಬಾಜಿ ನಡೆಯುತ್ತಿದೆ ಎಂದು ಕೇಳಿದೆ. ಡೀಕನ್ನರೇ, ತಾವು ಕಟ್ಟಿದ್ದು ಒಂದು ಪೀಪಾಯಿ ಸೇಬಿನ ಸೈಡರ್ ಮಾತ್ರ, ಅದೂ ಹುಳಿ ಬಂದದ್ದು ಎಂದು ಕೇಳಿದೆ. ಆದ್ದರಿಂದ ಪ್ರಾರ್ಥನಾಮಂದಿರದ ಹಿರಿಯರಾದ ತಮಗೂ ಅದನ್ನು ಪಾಪವೆಂದು ನಾನು ಎಣಿಸುವುದಿಲ್ಲ.

ಉತ್ತರದ ವಿಷಯ ಹಾಗಿರಲಿ. ಇಂದು ನನಗೆ ಕೊಟ್ಟಿರುವ ವಿಷಯ ಸ್ಕ್ವಯರ್ ಅವರ ಕಾಗದಗಳು.

ನನ್ನ ತಾಯಿ ತೀರಿಕೊಂಡ ವರ್ಷದ ಬೇಸಿಗೆಯಲ್ಲಿ ಮೊದಲನೆಯದು ಬಂತು. ಅದಕ್ಕೆ ಮುಂಚೆ ನನ್ನ ಹೆಸರಿಗೆ ಯಾರೂ ಕಾಗದ ಬರೆದಿರಲಿಲ್ಲ. ಬರೆಯಲು ಯಾರಿದ್ದರು? ನನಗೆ ಗೊತ್ತಿದ್ದವರೆಲ್ಲ ಮೂಟೆ ಹೊತ್ತುಕೊಂಡು ಗಿರಣಿಗೇ ಬರುತ್ತಿದ್ದರು. ನಮ್ಮ ಊರಿನ ಅಂಚೆಯನ್ನೂ ಹೋಟೆಲನ್ನೂ ಒಟ್ಟಿಗೇ ನಡೆಸುವ ಲೆಮ್ಯುಯೆಲ್ ಸ್ಪೂನರ್ ನನ್ನನ್ನು ಬೀದಿಯ ಆಚೆಯಿಂದಲೇ ಕೂಗಿ ಕರೆದರು.

“ಕಾಬ್! ನಿಂಗೊಂದು ಕಾಗದ ಬಂದಿದೆ. ವಕೀಲರ ಮೊಹರು. ಯಾರನ್ನಯ್ಯಾ ಕೊಂದೆ?”

ಕಾಗದ ಪಡೆದವನೇ ಅಂಚೆಯ ಖರ್ಚು ಕೊಡಬೇಕೆಂಬುದು ನಮ್ಮ ದೇಶದ ಕಾನೂನು. ಬೈಗುಳಕ್ಕೆ ಬೈಸಿಕೊಂಡವನೇ ಕಾಸು ತೆರುವುದು ಯಾವ ನ್ಯಾಯ ಎಂದು ಕೇಳಿದೆ. “ಬೈದೋರಿಗೆ ಆಗ್ಲೇ ಶ್ರಮ ಆಗಿರುತ್ತಲ್ಲಪ್ಪ,” ಎಂದರು ಸ್ಪೂನರ್.

ಮನೆಗೆ ತಂದು, ಊಟದ ಮೇಜಿನ ಮೇಲೆ, ತಾಯಿಯ ತಟ್ಟೆ ಇರುತ್ತಿದ್ದ ಜಾಗದಲ್ಲಿ ಬಿಚ್ಚಿಟ್ಟೆ. ಬೀನ್ಸ್ ತಿನ್ನುತ್ತ ಓದಿದೆ. ‘ಮಹನೀಯರೇ’ ಎಂದು ಆರಂಭ. ನಾನು ಮಹನೀಯನೆಂದು ಆವರೆಗೆ ಯಾರೂ ಹೇಳಿರಲಿಲ್ಲ. ‘ತಮ್ಮ ಕಟ್ಟೆಯ ಹಲಗೆಗಳನ್ನು ಋತುವಿಗೆ ತಕ್ಕಂತೆ ಇಳಿಸದೆ ತಾವು ನನ್ನ ಕಕ್ಷಿದಾರರಿಗೆ ಉಂಟುಮಾಡಿರುವ ನಷ್ಟವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.’ ಕೊನೆಯಲ್ಲಿ, ‘ತಮ್ಮ ಅತ್ಯಂತ ವಿಧೇಯ ಸೇವಕ’ ಎಂದು ಸಹಿ. ಸಭಿಕರೇ, ತಲೆಯಲ್ಲಿ ಮಹನೀಯ, ಬಾಲದಲ್ಲಿ ವಿಧೇಯ ಸೇವಕ, ನಡುವೆ ಕೋರ್ಟಿಗೆ ಎಳೆಯುತ್ತೇನೆಂಬ ಬೆದರಿಕೆ. ಇಷ್ಟು ಸೊಗಸಾಗಿ ಯಾರಾದರೂ ನಿಮ್ಮ ಕತ್ತು ಹಿಡಿದದ್ದುಂಟೇ? ನಾನು ಅದನ್ನು ಮತ್ತೊಮ್ಮೆ ಓದಿದೆ. ಮನೆ ಬಹಳ ನಿಶ್ಶಬ್ದವಾಗಿತ್ತು. ಆದ್ದರಿಂದ ಇನ್ನೊಮ್ಮೆ, ಗಟ್ಟಿಯಾಗಿ ಓದಿದೆ.

ಆ ಓದಿನಲ್ಲಿ ನನಗೊಂದು ಸಂಗತಿ ಹೊಳೆಯಿತು. ಈ ಮಾತುಗಳು ಸ್ಕ್ವಯರ್ ಅವರವು. ಆದರೆ ಇವುಗಳ ಹಿಂದೆ ಬೇರೆ ಮಾತುಗಳಿವೆ. ಸ್ಕ್ವಯರ್ ಅವರ ಕಚೇರಿಗೆ ಹೋಗಿ, ತಲೆಯ ಬಾನೆಟ್ ಟೋಪಿ ಬಿಚ್ಚಿ, ಕುರ್ಚಿಯಲ್ಲಿ ಕುಳಿತು, ಒಬ್ಬರು ಏನನ್ನೋ ಹೇಳಿದ್ದಾರೆ. ಸ್ಕ್ವಯರ್ ಅದನ್ನು ಕೇಳಿ ತಮ್ಮ ಭಾಷೆಗೆ ತಿರುಗಿಸಿದ್ದಾರೆ. ಹಾಗಾದರೆ ಅವರು ಹೇಳಿದ್ದೇನು? ಅಂದಿನಿಂದ ಅದು ನನ್ನ ಹವ್ಯಾಸವಾಯಿತು. ಬೇರೆಯವರು ಸಂಜೆ ಹೊತ್ತು ಸ್ಪೂನರ್ ಹೋಟೆಲಿನಲ್ಲಿ ಚೆಕರ್ಸ್ ಆಡುತ್ತಾರೆ. ನಾನು ಕಾಗದ ಓದಿ ಮೂಲವನ್ನು ಹುಡುಕುತ್ತಿದ್ದೆ.

ಉದಾಹರಣೆಗೆ, ಒಂದು ವರ್ಷ ಹೀಗೆ ಬರೆದಿದ್ದರು: ‘ಕಟ್ಟೆಯ ವಿಷಯದಲ್ಲಿ ತಮಗೆ ಹಿಂದೆ ತಿಳಿಸಲಾದ ಸಂಗತಿಗಳು ತಮ್ಮ ನೆನಪಿನಲ್ಲಿ ಉಳಿದಿಲ್ಲವೆಂದು ನನ್ನ ಕಕ್ಷಿದಾರರು ಭಾವಿಸುತ್ತಾರೆ.’ ಮಿಸೆಸ್ ಲೂಮಿಸ್ ಹಾಗೆ ಹೇಳಿರುತ್ತಾರೆಯೇ? ಖಂಡಿತ ಇಲ್ಲ. ‘ಆ ಮನುಷ್ಯನ ಕಟ್ಟೇಲಿ ನೀರು ನಿಲ್ಲುತ್ತೆ, ತಲೇಲಿ ಏನೂ ನಿಲ್ಲಲ್ಲ,’ ಎಂದಿರುತ್ತಾರೆ. ಇನ್ನೊಂದು ವರ್ಷ: ‘ತಮ್ಮ ಬಾತುಕೋಳಿಗಳು ಜಲಮಾರ್ಗದಿಂದ ನನ್ನ ಕಕ್ಷಿದಾರರ ಜಮೀನನ್ನು ಪ್ರವೇಶಿಸಿರುತ್ತವೆ.’ ಇದರ ಮೂಲ ನನಗೆ ಸುಲಭವಾಗಿ ಸಿಕ್ಕಿತು: ‘ಅವನ ಬಾತುಗಳಿಗೂ ಅವನಷ್ಟೇ ಮರ್ಯಾದೆ.’ ಹೀಗೆ ವರ್ಷವರ್ಷವೂ ಒಬ್ಬ ಗಂಡಸಿನ ಗಂಭೀರವಾದ ಕೈಬರಹದೊಳಗಿಂದ ಒಬ್ಬ ಹೆಂಗಸಿನ ಚುರುಕಾದ ನಾಲಿಗೆಯನ್ನು ನಾನು ಕೇಳುತ್ತಿದ್ದೆ. ಒಬ್ಬನೇ ಕೂತು ನಗುತ್ತಿದ್ದೆ. ಗಿರಣಿಗೆ ಬಂದವರು ಕಾಬ್‌ಗೆ ಹಿಟ್ಟಿನ ಧೂಳು ತಲೆಗೇರಿದೆ ಎಂದುಕೊಂಡದ್ದು ನನಗೆ ಗೊತ್ತು.

ಕೊಳದ ಆಚೆ ಅವರ ಮನೆ, ಈಚೆ ನನ್ನ ಮನೆ. ದಂಡೆಗೆ ಬಂದು ಕೂಗಿದರೆ ಕೇಳುತ್ತದೆ. ಹಾಗಿರುವಾಗ ವಕೀಲರೇಕೆ ಎಂದು ಮುಂದಿನ ಸಾಲಿನ ಗಣ್ಯರಿಗೆ ಅನ್ನಿಸಬಹುದು. ಅವರು ಎಲ್ಡರ್‌ಬ್ರೂಕಿನಲ್ಲಿ ಬಾಳಿದವರಲ್ಲ. ಕ್ಯಾಪ್ಟನ್ ಲೂಮಿಸ್ ತೀರಿಹೋದ ಮೇಲೆ ಮಿಸೆಸ್ ಲೂಮಿಸ್ ಒಂಟಿ. ನಾನು ಮದುವೆಯಾಗದವನು. ನಾವಿಬ್ಬರು ದಂಡೆಯ ಮೇಲೆ ನಿಂತು ಎರಡು ಮಾತಾಡಿದರೆ ಸಂಜೆಯೊಳಗೆ ಸ್ಪೂನರ್ ಹೋಟೆಲಿನಲ್ಲಿ ಅದು ಇಪ್ಪತ್ತಾಗುತ್ತಿತ್ತು. ಅವರು ನನಗೆ ನೇರವಾಗಿ ಒಂದು ಚೀಟಿ ಬರೆದಿದ್ದರೆ, ಸ್ಪೂನರ್, ತಾವು ಕ್ಷಮಿಸಬೇಕು, ಮೊಹರು ಒಡೆಯುವುದಕ್ಕೆ ಮುಂಚೆಯೇ ಊರು ಅದನ್ನು ಓದಿರುತ್ತಿತ್ತು. ಆದರೆ ವ್ಯಾಜ್ಯ? ವ್ಯಾಜ್ಯವನ್ನು ಯಾರೂ ಆಡಿಕೊಳ್ಳುವುದಿಲ್ಲ. ವ್ಯಾಜ್ಯ ಮರ್ಯಾದಸ್ಥರ ವ್ಯವಹಾರ. ಒಂಟಿ ಹೆಂಗಸೂ ಒಂಟಿ ಗಂಡಸೂ ವರ್ಷಗಟ್ಟಲೆ ಕಾಗದ ಬರೆದುಕೊಂಡರೂ ರೆವರೆಂಡರು ಹುಬ್ಬೇರಿಸದಿರುವ ಒಂದೇ ಒಂದು ದಾರಿ ಈ ರಾಜ್ಯದಲ್ಲಿದೆ. ಅದನ್ನು ನಮಗೆ ತೆರೆದಿಟ್ಟವರು ಸ್ಕ್ವಯರ್ ಥೇಯರ್. ಅದಕ್ಕಾಗಿ ಅವರಿಗೆ ನಾನು…

ಅದಕ್ಕಾಗಿ ಈ ಊರು ಅವರಿಗೆ ಋಣಿಯಾಗಿದೆ, ಎಂದು ಹೇಳಹೊರಟಿದ್ದೆ.

ನಡುವೆ ಒಂದು ವರ್ಷ ಭಾರೀ ಮಳೆಯಾಯಿತು. ಕೊಳ ತಾನಾಗಿಯೇ ತುಂಬಿತ್ತು. ಬಂದಿದ್ದ ರೈ ಕಾಳೂ ಕಡಿಮೆ. ಹಲಗೆಯ ಅಗತ್ಯವೇ ಇರಲಿಲ್ಲ. ಆದರೂ ನಿಲ್ಲಿಸಿದ್ದೆ. ಏಕೆ ನಿಲ್ಲಿಸಿದೆ ಎಂದು ಈಗ ನೆನಪಾಗುತ್ತಿಲ್ಲ. ಹಲಗೆಗಳು ಒಣಗಿ ಬಿರುಕು ಬಿಡಬಾರದೆಂದು ಇರಬೇಕು. ನಗಬೇಡಿ. ಮರಕ್ಕೆ ನೀರು ಬೇಕಾಗುತ್ತದೆ, ಯಾವ ಬಡಗಿಯನ್ನಾದರೂ ಕೇಳಿ.

ಸ್ಕ್ವಯರ್ ತಮ್ಮ ಸ್ನೇಹಿತರಿಗೆ ಬರೆಯುತ್ತಿದ್ದ ಕಾಗದಗಳ ಬಗ್ಗೆಯೂ ಹೇಳದಿದ್ದರೆ ಈ ಭಾಷಣ ಅಪೂರ್ಣ. ಸಮುದ್ರದ ಕಡೆಯ ಯಾವುದೋ ಊರಿನಲ್ಲಿ ಅವರ ಜೊತೆ ಓದಿದ ಒಬ್ಬ ವೈದ್ಯರಿದ್ದಾರೆ. ಇಬ್ಬರಿಗೂ ಪೇರ್ ಹಣ್ಣಿನ ಹುಚ್ಚು. ಮಾರ್ಚ್ ತಿಂಗಳಲ್ಲಿ ಒದ್ದೆ ಹಾವಸೆಯಲ್ಲಿ ಸುತ್ತಿದ ಕಸಿಕಡ್ಡಿಗಳು ಬರುತ್ತಿದ್ದವು, ಜೊತೆಗೆ ಕಾಗದ. ಸ್ಕ್ವಯರ್ ಅದನ್ನು ಅಂಚೆಯ ಮುಂದೆಯೇ ನಿಂತು ಓದಿ ನಗುತ್ತಿದ್ದರು. ಸ್ಕ್ವಯರ್ ಅವರಿಗೆ ಹಲ್ಲುಗಳಿವೆ ಎಂಬುದು ಈ ಊರಿಗೆ ತಿಳಿದದ್ದೇ ಹಾಗೆ. ಒಮ್ಮೆ ನಾನು ಧೈರ್ಯ ಮಾಡಿ ಕೇಳಿದೆ:

“ಸ್ಕ್ವಯರ್, ಡಾಕ್ಟರಿಗೆ ನೀವೂ ಇಷ್ಟುದ್ದ ಬರೀತೀರಾ? ನನಗೆ ಬರೆಯೋದೆಲ್ಲ ಒಂದೇ ಪುಟ.”

“ನಿಮಗೆ ಬರೆಯೋದು ಕಕ್ಷಿದಾರರ ಪರವಾಗಿ, ಮಿಸ್ಟರ್ ಕಾಬ್. ಅಲ್ಲಿ ಅಪ್ರಸ್ತುತವಾದದ್ದನ್ನ ತೆಗೆದುಹಾಕಬೇಕು. ಡಾಕ್ಟರಿಗೆ ಬರೆಯೋವಾಗ ಅಂಥದ್ದೇ ತುಂಬಿಸ್ತೀನಿ. ಅವನ ನಾಯಿ, ನನ್ನ ಮೊಣಕಾಲು, ಮೊನ್ನೆ ಬಿದ್ದ ಹಿಮ.”

“ಕಕ್ಷಿದಾರರು ನಾಯಿ ವಿಷಯ ಹೇಳಿದ್ರೆ?”

“ಹೇಳ್ತಾರೆ. ಎಲ್ಲರೂ ಹೇಳ್ತಾರೆ. ಅದನ್ನ ಬಿಡೋದೇ ನನ್ನ ಕಸುಬು.”

ಆ ಮಾತನ್ನು ಕೇಳಿದ ದಿನ ನಾನು ಅದರ ಬಗ್ಗೆ ಯೋಚಿಸಲೇ ಇಲ್ಲ. ಯೋಚಿಸಬೇಕಾಗಿತ್ತು.

ಡೀಕನ್ ಫಿಚ್ ನನಗೆ ಹೇಳಿದ್ದರು, ಸ್ಕ್ವಯರ್ ಅವರ ಅತ್ಯುತ್ತಮ ಕಾಗದವೊಂದನ್ನು ಸಭೆಗೆ ಹೇಳು ಎಂದು. ಬಹಳ ಯೋಚಿಸಿ ಒಂದನ್ನು ಆರಿಸಿದ್ದೇನೆ. ಅದರಲ್ಲಿ ಒಂದು ತೊಡಕಿದೆ. ಅದನ್ನು ಬರೆದವರು ಸ್ಕ್ವಯರ್ ಅಲ್ಲ.

ಈ ಬೇಸಿಗೆಯಲ್ಲಿ ಸ್ಕ್ವಯರ್ ಅವರ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಗಿತ್ತು, ನೆನಪಿರಬಹುದು. ಸೇಬಿನಷ್ಟು ದಪ್ಪ ಬಟ್ಟೆ ಸುತ್ತಿಕೊಂಡು ಪ್ರಾರ್ಥನಾಮಂದಿರಕ್ಕೆ ಬರುತ್ತಿದ್ದರು. ಲೇಖನಿ ಹಿಡಿಯುವಂತಿರಲಿಲ್ಲ. ಆದರೆ ಹುಲ್ಲು ಕೊಯ್ಲಿನ ಕಾಲ, ನನ್ನ ಹಲಗೆಗಳು ಇನ್ನೂ ಮೇಲಿದ್ದವು, ಕಾಗದ ಹೋಗಲೇಬೇಕು. ಮಿಸ್ ಪೇಷನ್ಸ್ ಅವರನ್ನು ಮೇಜಿನ ಮುಂದೆ ಕೂರಿಸಿ ಸ್ಕ್ವಯರ್ ಹೇಳಿದರಂತೆ: “ಕಿವಿಗೆ ಬಿದ್ದದ್ದನ್ನೆಲ್ಲ ಬರೀ, ಪೇಷನ್ಸ್. ನಿನ್ನ ಬುದ್ಧಿ ಖರ್ಚು ಮಾಡಬೇಡ.” ಇದನ್ನು ನನಗೆ ಆಮೇಲೆ ಹೇಳಿದವರು ಮಿಸ್ ಪೇಷನ್ಸ್ ಅವರೇ. ಅವರು ಅಣ್ಣನ ಮಾತನ್ನು ಎಂದೂ ಮೀರಿದವರಲ್ಲ. ಬುದ್ಧಿಯನ್ನು ಖರ್ಚು ಮಾಡಲಿಲ್ಲ. ಕಿವಿಗೆ ಬಿದ್ದದ್ದನ್ನೆಲ್ಲ ಬರೆದರು. ಸ್ಕ್ವಯರ್ ಎಡಗೈಯಿಂದ ಒಂದು ಗೀಟು ಎಳೆದು ಸಹಿ ಮಾಡಿದರು. ನೋವಿನಲ್ಲಿ ಓದಿ ನೋಡಲಿಲ್ಲ.

ಆ ಕಾಗದ ನನಗೆ ಬಾಯಿಪಾಠವಾಗಿದೆ. ಹೀಗಿತ್ತು:

‘ಮಹನೀಯರೇ, ತಮ್ಮ ಕಟ್ಟೆಯ ಹಲಗೆಗಳು ಇನ್ನೂ ಇಳಿದಿಲ್ಲವೆಂದೂ, ನನ್ನ ಕಕ್ಷಿದಾರರ ಹುಲ್ಲುಗಾವಲಿನಲ್ಲಿ ನೀರು ನಿಂತಿದೆಯೆಂದೂ — ಎಲ್ಲೀತನಕ ನಿಂತಿದೆ, ಮಿಸೆಸ್ ಲೂಮಿಸ್? — ವಿಲೋ ಮರದ ತನಕ. ಅದಿರ್ಲಿ ಸ್ಕ್ವಯರ್, ಭಾನುವಾರದಿಂದ ಅವರ ಅಡುಗೆಮನೆ ಕಿಟಕೀಲಿ ದೀಪ ಕಾಣ್ತಿಲ್ಲ. — ಅದು ಅಪ್ರಸ್ತುತ. — ಅಪ್ರಸ್ತುತ ಹೇಗಾಗುತ್ತೆ? ಮನುಷ್ಯ ಹುಷಾರಿಲ್ದೆ ಮಲಗಿದ್ರೆ ಹಲಗೆ ಇಳಿಸೋರು ಯಾರು? — ಹಾಗಂತ ಬರೆದ್ರೆ ನಮ್ಮ ವಾದ ಬಿದ್ದುಹೋಗುತ್ತೆ. — ಬೀಳ್ಲಿ. ನೀವು ಪ್ರತಿ ಸಲ ಹೀಗೇ ಬಿಡ್ತೀರಿ. ಹೋದ ವರ್ಷ ಅವರ ಕೆಮ್ಮು ಹೇಗಿದೆ ಕೇಳಿ ಅಂದೆ, ಬಿಟ್ರಿ. ಅದರ ಹಿಂದೆ, ಈ ವಯಸ್ಸಲ್ಲಿ ಗಿರಣಿ ಚಾವಣಿ ಹತ್ತಬೇಡಿ ಅಂತ ಬರೀರಿ ಅಂದೆ, ಅದನ್ನೂ ಬಿಟ್ರಿ. ಅವರ ತಾಯಿ ಹೋದಾಗ ನಾನು ಹೇಳಿದ್ದಂತೂ ಒಂದಕ್ಷರ ಬರೀಲಿಲ್ಲ. — ಅಯ್ಯಯ್ಯೋ, ಬಿಸಿ ಬಿಸಿ, ಪೇಷನ್ಸ್, ಬೆರಳಿನ ಶಾಖದ ಬಟ್ಟೆ ತೆಗಿ! — ಮೇಲ್ಕಂಡ ಹಲಗೆಗಳನ್ನು ತಕ್ಷಣ ಇಳಿಸದಿದ್ದಲ್ಲಿ ಕಾನೂನು ಕ್ರಮ ಅನಿವಾರ್ಯವಾಗುತ್ತದೆ. ತಮ್ಮ ಅತ್ಯಂತ ವಿಧೇಯ ಸೇವಕ, ಎಲಿಫಲೆಟ್ ಥೇಯರ್.’

ಸಾಕು, ಸಾಕು, ನೀವು ನಕ್ಕದ್ದು ಸಾಕು. ಸ್ಕ್ವಯರ್ ಅವರ ಮುಖ ನೋಡಿ, ಅವರಿಗೂ ಈಗಲೇ ತಿಳಿಯುತ್ತಿರುವುದು. ಮಿಸ್ ಪೇಷನ್ಸ್, ತಾವು ತಲೆ ತಗ್ಗಿಸಬೇಕಾಗಿಲ್ಲ. ಹೇಳಿದಂತೆ ನಡೆದುಕೊಂಡವರಿಗೆ ನಾಚಿಕೆ ಏಕೆ?

ಮಿಸೆಸ್ ಲೂಮಿಸ್ ಕುಳಿತಿರುವ ಎಡಗಡೆಯ ಬೆಂಚುಗಳ ಕಡೆಗೆ ನಾನು ಇನ್ನೂ ನೋಡಿಲ್ಲ. ನೋಡುವ ಧೈರ್ಯವಿಲ್ಲ.

ನಾನು ನಕ್ಕೆನೇ? ಮೊದಲು ನಕ್ಕೆ, ಸುಳ್ಳೇಕೆ ಹೇಳಲಿ. ಆಮೇಲೆ ಕೆಳಗೆ ಕುಳಿತುಕೊಂಡೆ. ಇಷ್ಟು ವರ್ಷ ನಾನು ಮೂಲವನ್ನು ಹುಡುಕಿದ್ದೆ ಎಂದೆನಲ್ಲ? ಒಂದೊಂದು ಗಂಭೀರ ವಾಕ್ಯಕ್ಕೂ ಒಂದೊಂದು ಬೈಗುಳ ಹೊಂದಿಸಿದ್ದೆ. ಬಾತುಕೋಳಿಯ ಮಾತು, ತಲೆಯಲ್ಲಿ ನಿಲ್ಲದ ಮಾತು, ಎಲ್ಲ ನಾನೇ ಅವರ ಬಾಯಿಗೆ ತುರುಕಿದ್ದು. ಅವರು ನಿಜವಾಗಿ ಹೇಳಿದ್ದರ ಪೈಕಿ ಒಂದನ್ನೂ ನಾನು ಊಹಿಸಿರಲಿಲ್ಲ. ಊಹಿಸಲು ಕಾಗದದಲ್ಲಿ ಜಾಗವೇ ಇರಲಿಲ್ಲ. ನನ್ನ ತಾಯಿ ತೀರಿಕೊಂಡಾಗ ಆ ಕಚೇರಿಯ ಕುರ್ಚಿಯಲ್ಲಿ ಕುಳಿತು ಅವರು ಹೇಳಿದ್ದೇನು? ಗೊತ್ತಿಲ್ಲ. ಮೊದಲ ಕಾಗದದಲ್ಲಿ ಅದು ಇರಬೇಕಾಗಿತ್ತು. ನಾನು ಅದನ್ನು ತಾಯಿಯ ಜಾಗದಲ್ಲಿಟ್ಟು ಓದಿದೆ ಎಂದು ಆಗಲೇ ಹೇಳಿದೆನಲ್ಲವೇ?

ದೀಪದ ವಿಷಯವೆಂದರೆ, ನಾನು ಚೆನ್ನಾಗಿಯೇ ಇದ್ದೆ. ಜುಲೈ ತಿಂಗಳಲ್ಲಿ ಕತ್ತಲಾಗುವ ಮುಂಚೆಯೇ ಮಲಗುವವನಿಗೆ ದೀಪವೇಕೆ? ಆದರೆ ಅಂದು ಮೊದಲು ಹೋಗಿ ಹಲಗೆ ಇಳಿಸಿದೆ. ಆಮೇಲೆ ದೀಪ ಹಚ್ಚಿ ಕಿಟಕಿಯಲ್ಲಿಟ್ಟೆ. ಎಲ್ಡರ್‌ಬ್ರೂಕಿನ ಸೊಳ್ಳೆಗಳಿಗೆಲ್ಲ ಅಂದಿನಿಂದ ನನ್ನ ಅಡುಗೆಮನೆಯೇ ಸಭಾಂಗಣ. ಮೈ ಕೆರೆದುಕೊಳ್ಳುತ್ತ ಸ್ಕ್ವಯರ್ ಅವರಿಗೆ ಉತ್ತರ ಬರೆದೆ. ‘ಹಲಗೆ ಇಳಿಸಿದ್ದೇನೆ’ ಎಂಬುದು ಮೊದಲ ಸಾಲು. ಉಳಿದದ್ದು ಎರಡು ಪುಟ. ಕೆಮ್ಮು ಹೋಗಿದೆ, ಚಾವಣಿಯನ್ನು ಇನ್ನು ಹತ್ತುವುದಿಲ್ಲ, ದೀಪ ಕಾಣುತ್ತಿದೆಯೇ ಎಂದು ಕೇಳಿ, ಹೀಗೆ. ಅಂಥ ಕಾಗದವನ್ನು ನಾನು ಹಿಂದೆ ಬರೆದಿರಲಿಲ್ಲ. ಒಂದು ವಾರ ಕಳೆಯಿತು, ಎರಡು ಕಳೆಯಿತು, ಆ ದಂಡೆಯಿಂದ ಏನೂ ಬರಲಿಲ್ಲ. ಒಂದು ದಿನ ಸ್ಕ್ವಯರ್ ರೈ ಬೀಸಿಸಲು ಬಂದಾಗ ಕೇಳಿದೆ:

“ನನ್ನ ಉತ್ತರ ಅವರಿಗೆ ಓದಿ ಹೇಳಿದ್ರಾ, ಸ್ಕ್ವಯರ್?”

“ಹೇಳಿದೆನಲ್ಲ. ಹಲಗೆ ಇಳಿಸಿದ್ದಾರೆ ಅಂತ.”

“ಉಳಿದದ್ದು?”

“ಉಳಿದದ್ದು ಅಪ್ರಸ್ತುತ ಮಿಸ್ಟರ್ ಕಾಬ್. ನಿಮ್ಮ ಹಿತಕ್ಕೇ ಬಿಟ್ಟೆ. ದೀಪ, ಕೆಮ್ಮು ಅಂತೆಲ್ಲ ಎದುರು ಪಕ್ಷಕ್ಕೆ ಗೊತ್ತಾದ್ರೆ ನಿಮ್ಮ ಸ್ಥಿತಿ ದುರ್ಬಲ ಅಂತ ತಿಳ್ಕೋತಾರೆ.”

ಎದುರು ಪಕ್ಷದವನ ಹಿತವನ್ನೂ ಕಾಯುವ ಇಂಥ ವಕೀಲರು ಎಲ್ಲಿ ಸಿಗುತ್ತಾರೆ, ಸಭಿಕರೇ? ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಅವರು ಪ್ರಾಮಾಣಿಕರು. ಅವರ ಕಾಗದದಲ್ಲಿ ಸುಳ್ಳಾದ ಒಂದು ಪದವಿಲ್ಲ. ನಿಜವಾದ ಎಷ್ಟೋ ಪದಗಳು ಇಲ್ಲ, ಅಷ್ಟೇ. ಅದಕ್ಕಾಗಿ ಅವರನ್ನು ದೂರುವಂತಿಲ್ಲ. ಜರಡಿ ಹಿಡಿಯುವುದು ನನ್ನ ಕಸುಬೂ ಹೌದು. ಗಿರಣಿಯಲ್ಲಿ ತೌಡು ಒಂದು ಕಡೆ, ಹಿಟ್ಟು ಒಂದು ಕಡೆ. ಯಾವುದು ಯಾವುದೆಂದು ನಮ್ಮಿಬ್ಬರಿಗೂ ಒಂದೇ ಅಭಿಪ್ರಾಯ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಸ್ಕ್ವಯರ್ ಅವರ ಬೆರಳು ವಾಸಿಯಾಯಿತು. ನ್ಯಾಯಾಧೀಶರಾಗಿ ಹೋಗುವ ಸುದ್ದಿ ಬಂತು. ಅದರ ಬೆನ್ನಿಗೇ ನನಗೆ ಬಂದದ್ದು ಆ ಕೊನೆಯ ಕಾಗದ, ಸ್ಕ್ವಯರ್ ಅವರ ಸ್ವಂತ ಕೈಯಲ್ಲಿ, ಒಂದೇ ಪುಟ: ‘ನನ್ನ ಕಕ್ಷಿದಾರರು ಈ ಊರಿನಲ್ಲಿ ಮುಂದುವರಿಯಲು ಕಾರಣ ಕಾಣದೆ, ಸದರಿ ಹುಲ್ಲುಗಾವ​ಲನ್ನು ತಮಗೆ ಮಾರಲು ಸಿದ್ಧರಿದ್ದಾರೆ.’ ಎಂದಿನಂತೆ ಮೇಜಿನ ಮೇಲಿಟ್ಟು ಓದಿದೆ. ಗಟ್ಟಿಯಾಗಿ ಓದಿದೆ. ಇದರ ಹಿಂದಿರುವ ಮಾತು ಯಾವುದು? ಮೊದಲ ಬಾರಿಗೆ ನನಗೆ ಏನೂ ಕೇಳಿಸಲಿಲ್ಲ. ಇಷ್ಟು ವರ್ಷ ಕೆಮ್ಮು ವಿಚಾರಿಸಿದವರಿಗೆ ಇಷ್ಟು ವರ್ಷವೂ ಉತ್ತರ ಬಂದಿಲ್ಲ. ಬಂದದ್ದೆಲ್ಲ ಹಲಗೆಯ ಸುದ್ದಿ. ಅವರಿಗೆ ಕಾರಣ ಕಾಣದಿದ್ದರೆ ಆಶ್ಚರ್ಯವೇನು?

ಸ್ಕ್ವಯರ್ ಅವರ ಜಾಗಕ್ಕೆ ಬರುವ ಯುವಕರನ್ನು ನಾನು ನೋಡಿದೆ. ಬುದ್ಧಿವಂತರು. ಅಚ್ಚು ಹಾಕಿಸಿದ ನಮೂನೆಗಳನ್ನು ತಂದಿದ್ದಾರೆ. ಹೆಸರು ತುಂಬಿಸಿದರೆ ಆಯಿತಂತೆ.

ಹೀಗಾಗಿ, ಅಧ್ಯಕ್ಷರೇ, ಉತ್ತರದ ವಿಷಯ ಹಾಗಿರಲಿ ಎಂದವನು ಅಲ್ಲಿಗೇ ಬಂದು ನಿಂತಿದ್ದೇನೆ. ತಾವು ಗಡಿಯಾರ ನೋಡುತ್ತಿದ್ದೀರಿ, ಸೈಡರಿನ ಗತಿ ಏನಾಯಿತೆಂಬ ಚಿಂತೆಯೂ ತಮಗಿದೆ. ಹೇಳಿಬಿಡುತ್ತೇನೆ. ನಾನು ಹುಲ್ಲುಗಾವಲನ್ನು ಕೊಳ್ಳುವುದಿಲ್ಲ.

ಇಂದು ಬೆಳಿಗ್ಗೆ ಕಟ್ಟೆಗೆ ಹೋಗಿ, ಹುಲ್ಲು ಕೊಯ್ಲು ಮುಗಿದ ಮೇಲೆ ಮತ್ತೆ ನಿಲ್ಲಿಸಿದ್ದ ಹಲಗೆಗಳನ್ನೆಲ್ಲ ಇಳಿಸಿ, ಅಂಗಳದಲ್ಲಿ ಒಟ್ಟಿ ಬಂದಿದ್ದೇನೆ. ಅಕ್ಟೋಬರ್ ತಿಂಗಳಲ್ಲಿ, ಊರಿನ ಮೆಕ್ಕೆಜೋಳವೆಲ್ಲ ಬೀಸಲು ಬಂದು ಬಿದ್ದಿರುವಾಗ, ಯಾವ ಗಿರಣಿಯವನೂ ಮಾಡದ ಕೆಲಸ. ಬಲಗಡೆಯ ಬೆಂಚಿನಲ್ಲಿ ಮೂಟೆ ಕೊಟ್ಟವರು ಬಹಳ ಜನ ಕಾಣುತ್ತಿದ್ದೀರಿ, ಒಂದು ವಾರ ತಡೆದುಕೊಳ್ಳಬೇಕು. ಇಷ್ಟು ಹೊತ್ತಿಗೆ ವಿಲೋ ಮರದ ಬುಡ ಒಣಗಿರುತ್ತದೆ. ನೀರಿಲ್ಲದ ಮೇಲೆ ನಷ್ಟವಿಲ್ಲ. ನಷ್ಟವಿಲ್ಲದ ಮೇಲೆ ವ್ಯಾಜ್ಯವಿಲ್ಲ. ವ್ಯಾಜ್ಯವಿಲ್ಲದವರಿಗೆ ವಕೀಲರಿಲ್ಲ. ಸ್ಕ್ವಯರ್, ಕಾನೂನಿನ ಪ್ರಕಾರ ನಾನು ಹೇಳಿದ್ದು ಸರಿಯೇ? ತಲೆಯಾಡಿಸುತ್ತಿದ್ದಾರೆ. ಸರಿಯಂತೆ.

ಹಾಗಾದರೆ ನನಗೂ ಮಿಸೆಸ್ ಲೂಮಿಸ್ ಅವರಿಗೂ ನಡುವೆ ಇನ್ನು ಉಳಿದಿರುವುದೆಲ್ಲ ಅಪ್ರಸ್ತುತ. ಅದಷ್ಟೇ ನನಗೆ ಬೇಕಾಗಿರುವುದು. ಇಷ್ಟು ವರ್ಷಗಳದ್ದೂ ಬೇಕು, ನನ್ನ ತಾಯಿಯ ಕಾಲದಿಂದ. ಜೆನಿಸೀಗೆ ಹೋಗಲೇಬೇಕೆಂದಿದ್ದರೆ ನಾನು ಅಡ್ಡ ಬರುವವನಲ್ಲ. ಆದರೆ ಬಿಟ್ಟುಹೋದದ್ದನ್ನೆಲ್ಲ ಅವರು ತಮ್ಮ ಬಾಯಿಂದಲೇ ಒಮ್ಮೆ ಹೇಳಿ ಹೋಗಬೇಕು. ದಂಡೆಯ ಮೇಲಾಗಲಿ, ಮಂದಿರದ ಮೆಟ್ಟಿಲ ಮೇಲಾಗಲಿ, ಸ್ಪೂನರ್ ಹೋಟೆಲಿನ ಎದುರಿಗೇ ಆಗಲಿ. ಊರು ಏನು ಬೇಕಾದರೂ ಅಂದುಕೊಳ್ಳಲಿ. ನಾನು ಹೇಗೂ ಎಲ್ಲವನ್ನೂ ಊರಿನ ಎದುರಿಗೇ ಹೇಳಿಬಿಟ್ಟೆ. ಸನ್ಮಾನ ಭಾಷಣ ಮಾಡಲು ಬಂದವನು ನಾನು. ಇದಾವುದನ್ನೂ ಬರೆದುಕೊಂಡು ಬಂದಿರಲಿಲ್ಲ.

ಎಡಗಡೆ ಬೆಂಚು ಕಿರುಗುಟ್ಟಿತು. ಯಾರೋ ಎದ್ದು ನಿಂತಂತಿದೆ. ಈಗಲಾದರೂ ಆ ಕಡೆ ನೋಡುತ್ತೇನೆ.

ಹೌದು.

ಸ್ಕ್ವಯರ್, ತಾವೇಕೆ ಎದ್ದಿರಿ? ಅಭ್ಯಾಸಬಲ, ಗೊತ್ತು. ಅವರು ಎದ್ದರೆ ತಾವೂ ಏಳುತ್ತೀರಿ. ತಾವು ಮಾಡಿದ ಉಪಕಾರ ದೊಡ್ಡದು, ಈ ಊರು ಅದನ್ನು ಮರೆಯುವುದಿಲ್ಲ, ನಾನಂತೂ ಮರೆಯುವುದಿಲ್ಲ. ಆದರೆ ಈಗ ದಯವಿಟ್ಟು ಕುಳಿತುಕೊಳ್ಳಿ. ಈ ಉತ್ತರವನ್ನು ಅವರೇ ಹೇಳುತ್ತಾರೆ.

ಇಷ್ಟು ಹೊತ್ತು ತಾಳಿಕೊಂಡ ಅಧ್ಯಕ್ಷರಿಗೂ, ನಕ್ಕವರಿಗೂ, ನಗದವರಿಗೂ ಕೃತಜ್ಞತೆಗಳು. ನನ್ನ ಮಾತು ಮುಗಿಯಿತು, ನಾನು ಕೇಳುತ್ತೇನೆ. ನಮಸ್ಕಾರ.